ಡಿವೋರ್ಸ್ ಆದಮೇಲೂ ಜೀವನಾಂಶ ಕೇಳಬಹುದು

ನಿಮ್ಮ ಅಕ್ಕನಿಗೆ ಬೆನ್ನುಹುರಿಯ ತೊಂದರೆ, ಡಿವೋರ್ಸ್ ಆದೇಶದಲ್ಲಿ ಜೀವನಾಂಶದ ಮಾತೇ ಇಲ್ಲ, ಈಗ ಕೇಳಲು ಬರುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತ ಬರುತ್ತದೆ, ಧೈರ್ಯವಾಗಿರಿ. ನೀವು ಹಿಂದೂ ವಿವಾಹ ಕಾಯ್ದೆಯಡಿ ಡಿವೋರ್ಸ್ ಆಗಿದೆ ಎಂದಿದ್ದೀರಿ. ಅದರ 25ನೇ ಕಲಂ ಪ್ರಕಾರ ಡಿಕ್ರಿ (ಕೋರ್ಟಿನ ಡಿವೋರ್ಸ್ ಆದೇಶ) ಕೊಡುವಾಗ ಮಾತ್ರವಲ್ಲ, ಆನಂತರ ಯಾವಾಗ ಬೇಕಾದರೂ ಅರ್ಜಿ ಹಾಕಬಹುದು. ಮರುಮದುವೆ ಆಗಿರಬಾರದು. ಪರಸ್ಪರ ಒಪ್ಪಿಗೆಯ ಡಿವೋರ್ಸ್ ಆಗಿದ್ದು, ಜೀವನಾಂಶ ಬೇಡವೆಂದು ಬರೆದುಕೊಟ್ಟಿದ್ದರೆ ಆ ಪತ್ರವನ್ನು ಮೊದಲು ವಕೀಲರಿಗೆ ತೋರಿಸಿ.

ಕೋರ್ಟಿನಲ್ಲಿ ಕಾಯಿಲೆಯ ಹೆಸರಿಗಿಂತ ತಿಂಗಳ ಖರ್ಚಿನ ಲೆಕ್ಕಕ್ಕೇ ತೂಕ ಹೆಚ್ಚು. ಕ್ಯಾತಿಟರ್, ಡೈಪರ್, ಫಿಸಿಯೋಥೆರಪಿ, ಆಸ್ಪತ್ರೆಗೆ ಹೋಗುವ ಆಟೋ ಬಾಡಿಗೆ, ನೋಡಿಕೊಳ್ಳುವವರ ಸಂಬಳ, ಎಲ್ಲವನ್ನೂ ಬರೆದಿಡಿ. ಬಿಲ್ ಇಲ್ಲದ ಖರ್ಚನ್ನೂ ಬಿಡಬೇಡಿ. ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ), ಅಂಗವಿಕಲತೆಯ ಪ್ರಮಾಣಪತ್ರ ಜೊತೆಗಿರಲಿ. ಸುಪ್ರೀಂ ಕೋರ್ಟಿನ 2020ರ ರಜನೇಶ್ ವಿರುದ್ಧ ನೇಹಾ ತೀರ್ಪಿನ ನಂತರ ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಲೇಬೇಕು. ಆದ್ದರಿಂದ ಭಾವ ಸಂಬಳ ಮುಚ್ಚಿಡುವುದು ಸುಲಭವಲ್ಲ. ಅವರ ಹೆಸರಿನಲ್ಲಿ ಸೈಟೋ ಮನೆಯೋ ಇದ್ದರೆ ಜೀವನಾಂಶಕ್ಕೆ ಭದ್ರತೆಯಾಗಿ ಅದರ ಮೇಲೆ ಚಾರ್ಜ್ (ಬಾಕಿ ಉಳಿದರೆ ಆ ಆಸ್ತಿಯಿಂದ ವಸೂಲಿ ಮಾಡುವ ಹಕ್ಕು) ಕೇಳಿ. ಒಂದೇ ಸಲದ ದುಡ್ಡಿಗೆ ಆತುರಪಟ್ಟು ಒಪ್ಪಬೇಡಿ ಅನ್ನುವುದು ನನ್ನ ಅಭಿಪ್ರಾಯ. ತಿಂಗಳ ಜೀವನಾಂಶವಾದರೆ ಖರ್ಚು ಏರಿದಾಗ ಹೆಚ್ಚಿಸಲು ಮತ್ತೆ ಕೇಳಬಹುದು.

ವಕೀಲರ ಫೀಸಿನ ಚಿಂತೆ ಬೇಡ. ಮಹಿಳೆಯರಿಗೂ ಅಂಗವಿಕಲರಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ನಾಳೆಯೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಅಕ್ಕ ಬರಲಾಗದಿದ್ದರೆ ದಾಖಲೆ ಹಿಡಿದು ನೀವೇ ಹೋಗಿ ವಿಚಾರಿಸಿ.