ಗೂಗಲ್ ಬೇಡವೆಂದರೆ ಯಾವ ಓಎಸ್ ಹಾಕಲಿ? ಮೊದಲು ಸಿಮ್ ನೋಡಿ, ಫೋನ್ ನೋಡಿ

ಮೂರು ವರ್ಷದ ಹಳೆಯ ಆಂಡ್ರಾಯ್ಡ್ ಫೋನು, ಅದರಲ್ಲಿ ಜಿಯೋ ಸಿಮ್ಮು, ಮನೆಯ ಯುಪಿಐ ವ್ಯವಹಾರವೆಲ್ಲ ಅದರಲ್ಲೇ. ಗೂಗಲ್ ಬಿಡಲು ಲಿನಿಯೇಜ್, ಉಬುಂಟು ಟಚ್, ಗ್ರಾಫೀನ್ ಎಂಬ ಮೂರು ಬದಲಿ ಓಎಸ್‌ಗಳಲ್ಲಿ (ಓಎಸ್ ಅಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶ) ಯಾವುದು ಒಳ್ಳೆಯದು ಅಂತ ಕೇಳಿದ್ದೀರಿ. ನಾನು ಶುರು ಮಾಡಿದ್ದೂ ಇದೇ ಪ್ರಶ್ನೆಯಿಂದ, ಅದಕ್ಕೇ ನೇರವಾಗಿ ಹೇಳುತ್ತೇನೆ: ಪ್ರಶ್ನೆ ತಿರುಗುಮುರುಗಾಗಿದೆ. ಕೈಯಲ್ಲಿರುವ ಫೋನಿಗೆ ಓಎಸ್ ಹುಡುಕಬೇಡಿ. ಓಎಸ್ ಯಾವುದೆಂದು ಗೊತ್ತು ಮಾಡಿಕೊಂಡು ಅದಕ್ಕೆ ಹೊಂದುವ ಫೋನ್ ತನ್ನಿ.

ಗ್ರಾಫೀನ್ ಓಎಸ್ ಬೇಕಿದ್ದರೆ ಗೂಗಲ್ಲಿನದೇ ಪಿಕ್ಸೆಲ್ ಬೇಕು. ಗೂಗಲ್ ಬಿಡಲು ಗೂಗಲ್ ಫೋನೇ ಕೊಳ್ಳುವುದೇ ಎಂದು ಎಲ್ಲರಿಗೂ ಕಸಿವಿಸಿ ಆಗುತ್ತದೆ. ಆದರೆ ಬೇರೆಯವರ ಓಎಸ್ ಹಾಕಿ ಬೂಟ್‌ಲೋಡರಿಗೆ (ಫೋನ್ ಶುರುವಾಗುವಾಗ ಓಎಸ್ ಅನ್ನು ಎಬ್ಬಿಸುವ ಪುಟ್ಟ ತಂತ್ರಾಂಶ) ಮತ್ತೆ ಬೀಗ ಹಾಕಲು ಸರಿಯಾಗಿ ಬಿಡುವ ಫೋನುಗಳು ಬಹಳ ಕಡಿಮೆ, ಪಿಕ್ಸೆಲ್ ಅವುಗಳಲ್ಲಿ ಒಂದು. ಲಿನಿಯೇಜ್‌ಗೆ ಬೇಕಾದದ್ದು ಅಂಗಡಿಯಲ್ಲಿ ಹೇಳುವ ಹೆಸರಲ್ಲ, ಫೋನಿನ ಕೋಡ್‌ನೇಮ್, ಅಂದರೆ ಆ ಮಾದರಿಗೆ ಒಳಗೊಳಗೇ ಇಟ್ಟ ಹೆಸರು. ಒಂದೇ ಹೆಸರಿನಲ್ಲಿ ಮಾರುವ ಎರಡು ಫೋನುಗಳೊಳಗೆ ಬೇರೆಬೇರೆ ಚಿಪ್ ಇರುವುದು ನಮ್ಮ ಮಾರುಕಟ್ಟೆಯಲ್ಲಿ ಮಾಮೂಲು. ಒಂದರ ಕಡತ ಇನ್ನೊಂದಕ್ಕೆ ಹಾಕಿದರೆ ಫೋನ್ ಏಳುವುದಿಲ್ಲ.

ಉಬುಂಟು ಟಚ್ ನನಗೆ ಬಹಳ ಇಷ್ಟ. ಅದನ್ನು ಮಾಡಿದ ಕ್ಯಾನೋನಿಕಲ್ ಕಂಪನಿ 2017ರಲ್ಲಿ ಕೈಬಿಟ್ಟ ಮೇಲೆ ಯುಬಿಪೋರ್ಟ್ಸ್ ಸಮುದಾಯ ಅದನ್ನು ಉಳಿಸಿ ಬೆಳೆಸಿದೆ. ಆದರೂ ನಿಮಗೆ ಬೇಡ ಅನ್ನುತ್ತೇನೆ, ಕಾರಣ ನಿಮ್ಮ ಸಿಮ್. ಜಿಯೋಗೆ 2ಜಿ, 3ಜಿ ಜಾಲವೇ ಇಲ್ಲ, ಕರೆ ಹೋಗುವುದು ವೋಲ್ಟಿ (4ಜಿ ಜಾಲದಲ್ಲೇ ಕರೆ ಸಾಗಿಸುವ ವಿಧಾನ) ಮೂಲಕ. ಉಬುಂಟು ಟಚ್ ಓಡುವ ಬಹಳಷ್ಟು ಫೋನುಗಳಲ್ಲಿ ವೋಲ್ಟಿ ಇಲ್ಲ. ಅಂದರೆ ಇಂಟರ್ನೆಟ್ ಬರುತ್ತದೆ, ಕರೆ ಮಾತ್ರ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಏರ್‌ಟೆಲ್ ಸಿಮ್ ಆದರೆ 2ಜಿಗೆ ಇಳಿದು ಕರೆಯಾದರೂ ಆಗುತ್ತದೆ. ಸೈಲ್‌ಫಿಶ್, ಪೋಸ್ಟ್‌ಮಾರ್ಕೆಟ್ ಓಎಸ್ ಎಂಬ ಇನ್ನೆರಡು ಬದಲಿಗಳನ್ನು ನೋಡುವವರೂ ಆ ಓಎಸ್‌ನ ಜಾಲತಾಣದಲ್ಲಿರುವ ಫೋನಿನ ಪುಟದಲ್ಲಿ ಮೊದಲು ಓದಬೇಕಾದ್ದು ವೋಲ್ಟಿ ಸಾಲನ್ನು. ಕ್ಯಾಮೆರಾ, ಬ್ಯಾಟರಿ ಎಲ್ಲ ಆಮೇಲೆ.

ಈಗ ನನಗೊಂದು ಫೋನನ್ನೇ ಕಳೆದ ತಪ್ಪಿನ ವಿಷಯ. ಇದನ್ನು ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ಬಹಳ ಮಂದಿ ಹಾಕುವ ಹೊತ್ತಿನಲ್ಲಿ ಎಡವುವುದಿಲ್ಲ, ಎಲ್ಲ ಮುಗಿದ ಮೇಲೆ ಎಡವುತ್ತಾರೆ. ಬೂಟ್‌ಲೋಡರ್ ತೆರೆದಿರಿ, ಲಿನಿಯೇಜ್ ಹಾಕಿದಿರಿ, ಚೆನ್ನಾಗಿ ಓಡುತ್ತಿದೆ. ಫೋನ್ ಶುರುವಾಗುವಾಗಲೆಲ್ಲ ಕಿತ್ತಳೆ ಬಣ್ಣದ ಎಚ್ಚರಿಕೆ ಬರುತ್ತದೆ, ಬ್ಯಾಂಕಿನ ಆಪ್ 'ಈ ಸಾಧನ ಸುರಕ್ಷಿತವಲ್ಲ' ಅನ್ನುತ್ತದೆ. ಹಾಗಾದರೆ ಬೂಟ್‌ಲೋಡರಿಗೆ ಮತ್ತೆ ಬೀಗ ಹಾಕಿದರೆ ಎರಡೂ ಸರಿಹೋಗುತ್ತದೆ ಅನ್ನಿಸುತ್ತದೆ. ಫಾಸ್ಟ್‌ಬೂಟ್‌ನಲ್ಲಿ (ಕಂಪ್ಯೂಟರಿನಿಂದ ಬೂಟ್‌ಲೋಡರಿಗೆ ಆದೇಶ ಕೊಡುವ ವಿಧಾನ) 'ಫ್ಲಾಶಿಂಗ್ ಲಾಕ್' ಕೊಡುತ್ತೀರಿ.

ಬೀಗ ಬಿದ್ದ ಕ್ಷಣದಿಂದ ಬೂಟ್‌ಲೋಡರ್ ಪ್ರತಿಸಲವೂ ಓಎಸ್‌ನ ಡಿಜಿಟಲ್ ಸಹಿಯನ್ನು ತನ್ನಲ್ಲಿರುವ ಕೀಲಿಗೆ ತಾಳೆ ನೋಡುತ್ತದೆ. ಅದರಲ್ಲಿರುವುದು ಕಂಪನಿಯ ಕೀಲಿ, ನೀವು ಹಾಕಿರುವ ಓಎಸ್‌ಗೆ ಬಿದ್ದಿರುವುದು ಬೇರೆಯವರ ಸಹಿ. ತಾಳೆಯಾಗುವುದಿಲ್ಲ, ಕೆಂಪು ಪರದೆ ಬರುತ್ತದೆ, ಫೋನ್ ಅಲ್ಲೇ ನಿಲ್ಲುತ್ತದೆ. ಬೀಗ ತೆಗೆಯೋಣವೆಂದರೆ 'ಓಇಎಂ ಅನ್‌ಲಾಕಿಂಗ್' ಎಂಬ ಸ್ವಿಚ್ ಆನ್ ಇರಬೇಕು. ಭದ್ರವಾಗಿರಲಿ ಎಂದು ಅದನ್ನೂ ಮೊದಲೇ ಆಫ್ ಮಾಡಿದ್ದರೆ ಕಥೆ ಮುಗಿಯಿತು: ಆ ಸ್ವಿಚ್ ಇರುವುದು ಓಎಸ್‌ನ ಸೆಟ್ಟಿಂಗ್ಸ್ ಒಳಗೆ, ಓಎಸ್ ಏಳುತ್ತಿಲ್ಲ. ಕೀಲಿಕೈ ಒಳಗಿಟ್ಟು ಹೊರಗಿನಿಂದ ಬಾಗಿಲು ಎಳೆದುಕೊಂಡ ಹಾಗೆ. ಕ್ವಾಲ್‌ಕಾಮ್ ಚಿಪ್ಪಿನ ಫೋನುಗಳಿಗೆ ಇಡಿಎಲ್ ಎಂಬ ತುರ್ತು ದಾರಿ ಇದೆ, ಆದರೆ ಅದಕ್ಕೆ ಬೇಕಾದ ಸಹಿ ಮಾಡಿದ ಕಡತವನ್ನು ಹೆಚ್ಚಿನ ಕಂಪನಿಗಳು ಹೊರಗೆ ಕೊಡುವುದಿಲ್ಲ. ಆಮೇಲೆ ಉಳಿಯುವುದು ಮದರ್‌ಬೋರ್ಡ್ ಬದಲಾವಣೆ, ಮೂರು ವರ್ಷದ ಹಳೆಯ ಫೋನಿಗೆ ಅದು ಗಿಟ್ಟುವ ಮಾತಲ್ಲ.

ಸಂಕಟವೆಂದರೆ, ಬೀಗ ಸರಿಯಾಗಿ ಬಿದ್ದರೂ ಬ್ಯಾಂಕಿನ ಆಪ್ ಒಪ್ಪುತ್ತದೆಂಬ ಖಾತ್ರಿ ಇಲ್ಲ. ಅದು ಕೇಳುವುದು ಪ್ಲೇ ಇಂಟೆಗ್ರಿಟಿ ಎಂಬ ಗೂಗಲ್‌ನ ಫೋನ್ ತಪಾಸಣೆಯನ್ನು, ಅದಕ್ಕೆ ಬೇಕಾದದ್ದು ಗೂಗಲ್ ಪ್ರಮಾಣೀಕರಿಸಿದ ಓಎಸ್. ಗ್ರಾಫೀನ್ ತನ್ನ ಕೀಲಿಯನ್ನು ಪಿಕ್ಸೆಲ್‌ನಲ್ಲಿ ಕೂರಿಸಿ ನ್ಯಾಯವಾಗಿ ಬೀಗ ಹಾಕುತ್ತದೆ, ಆಗ ಶುರುವಿನಲ್ಲಿ ಹಳದಿ ಸೂಚನೆ ಬರುತ್ತದೆ. ಭದ್ರತೆಗೆ ಅದು ಸಾಕು, ಆದರೂ ಕೆಲವು ಆಪ್‌ಗಳು ಒಪ್ಪುವುದಿಲ್ಲ. ಆದ್ದರಿಂದ ನಿಯಮ ಇಷ್ಟೇ: ಗ್ರಾಫೀನ್ ಹಾಕಿದ ಪಿಕ್ಸೆಲ್‌ನಲ್ಲಿ ಬೀಗ ಹಾಕಿ, ಫೋನ್ ಎದ್ದು ಓಡುವುದನ್ನು ನೋಡಿದ ಮೇಲೆಯೇ ಆ ಓಇಎಂ ಅನ್‌ಲಾಕಿಂಗ್ ಸ್ವಿಚ್ ಆಫ್ ಮಾಡಿ. ಲಿನಿಯೇಜ್ ಹಾಕಿದ ಫೋನಿನಲ್ಲಿ ಬೀಗದ ಯೋಚನೆಯನ್ನೇ ಮಾಡಬೇಡಿ.

ಇದರಿಂದ ಯುಪಿಐಗೆ ಉತ್ತರವೂ ಸಿಗುತ್ತದೆ. ಈಗಿನ ಫೋನನ್ನು ಮುಟ್ಟಬೇಡಿ, ಹೊಸ ಓಎಸ್ ಬೇರೆ ಫೋನಿಗೆ ಹಾಕಿ. ಬ್ಯಾಂಕಿಗೆ ಕೊಟ್ಟಿರುವ ನಂಬರಿನ ಸಿಮ್ ಅದರಲ್ಲೇ ಇರಲಿ. ಯುಪಿಐ ಆಪ್ ನೋಂದಣಿಯ ಹೊತ್ತಿಗೆ ಆ ಸಿಮ್ಮಿನಿಂದಲೇ ಎಸ್‌ಎಂಎಸ್ ಕಳಿಸಿ ಫೋನನ್ನು ಗುರುತಿಟ್ಟುಕೊಳ್ಳುತ್ತದೆ. ಉಳಿದ ಆಪ್‌ಗಳನ್ನೆಲ್ಲ ಅಳಿಸಿ ಅದನ್ನು ಬರೀ ಬ್ಯಾಂಕಿನ ಫೋನ್ ಮಾಡಿಡಿ. ನೆಟ್‌ಬ್ಯಾಂಕಿಂಗ್, ಡಿಜಿಲಾಕರ್ ಎರಡೂ ಬ್ರೌಸರಿನಲ್ಲಿ ನಡೆಯುತ್ತವೆ, ಅವಕ್ಕೆ ಓಎಸ್ ಯಾವುದಾದರೇನು. ಪ್ಲೇ ಇಂಟೆಗ್ರಿಟಿಯನ್ನು ಯಾಮಾರಿಸುವ ಮಾಡ್ಯೂಲ್‌ಗಳ ಸಹವಾಸ ಬೇಡ. ಅವಕ್ಕೆ ಫೋನನ್ನು ರೂಟ್ ಮಾಡಬೇಕು (ಓಎಸ್‌ನ ಒಳಗನ್ನೆಲ್ಲ ತಿದ್ದುವ ಅಧಿಕಾರ ತೆರೆಯಬೇಕು), ಗೂಗಲ್ ಅತ್ತ ಬದಲಿಸಿದಾಗಲೆಲ್ಲ ಇತ್ತ ಕೆಡುತ್ತವೆ, ಕೆಡುವುದು ಪೆಟ್ರೋಲ್ ಬಂಕಿನಲ್ಲಿ ದುಡ್ಡು ಕೊಡಬೇಕಾದ ಹೊತ್ತಿನಲ್ಲೇ.

ಗ್ರಾಫೀನ್ ಹಾಕುವ ಕೆಲಸ ಸಣ್ಣದು. ಕಂಪ್ಯೂಟರಿನಲ್ಲಿ 32 ಜಿಬಿ ಖಾಲಿ ಜಾಗ, ಕ್ರೋಮಿಯಂ ಬಗೆಯ ಬ್ರೌಸರ್ (ಕ್ರೋಮ್, ಎಡ್ಜ್ ಥರದ್ದು), ಡೇಟಾ ಹೋಗುವ ಯುಎಸ್‌ಬಿ ಕೇಬಲ್ ಇದ್ದರೆ ಅವರ ವೆಬ್ ಇನ್‌ಸ್ಟಾಲರೇ ಮುಗಿಸಿಕೊಡುತ್ತದೆ. ಚಾರ್ಜಿಗೆ ಮಾತ್ರ ಆಗುವ ಅಗ್ಗದ ಕೇಬಲ್ ಫೋನನ್ನು ಕಂಪ್ಯೂಟರಿಗೆ ತೋರಿಸುವುದೇ ಇಲ್ಲ. ಬೂಟ್‌ಲೋಡರ್ ತೆರೆಯುವಾಗಲೂ ಮುಚ್ಚುವಾಗಲೂ ಫೋನಿನಲ್ಲಿರುವುದೆಲ್ಲ ಅಳಿಯುತ್ತದೆ, ಫೋಟೋ ಮೊದಲೇ ತೆಗೆದಿಟ್ಟುಕೊಳ್ಳಿ. ಲಿನಿಯೇಜ್ ಹಾಕುವವರಿಗೆ ಎರಡು ಮಾತು. ಸೈಡ್‌ಲೋಡ್ ಮಾಡುವಾಗ, ಅಂದರೆ ಓಎಸ್ ಕಡತವನ್ನು ಕೇಬಲ್ ಮೂಲಕ ಫೋನಿಗೆ ಕಳಿಸುವಾಗ, ಕಂಪ್ಯೂಟರಿನಲ್ಲಿ ಎಣಿಕೆ 47 ಶೇಕಡಾಕ್ಕೆ ನಿಲ್ಲುವುದುಂಟು. ಗಾಬರಿಯಾಗಿ ಕೇಬಲ್ ಕೀಳಬೇಡಿ, ಫೋನಿನ ಪರದೆ ಏನು ಹೇಳುತ್ತದೆ ನೋಡಿ. ಗೂಗಲ್ ಆಪ್‌ಗಳು ಬೇಕಿದ್ದರೆ ಮೊದಲ ಸಲ ಫೋನ್ ಶುರುವಾಗುವ ಮುಂಚೆಯೇ ಹಾಕಬೇಕು, ಆಮೇಲೆ ಹಾಕಿದರೆ ಅವು ಕುಸಿಯುತ್ತಲೇ ಇರುತ್ತವೆ.

ಕನ್ನಡದ ಚಿಂತೆ ಬೇಡ. ಗ್ರಾಫೀನ್, ಲಿನಿಯೇಜ್ ಎರಡೂ ಆಂಡ್ರಾಯ್ಡ್‌ನಿಂದಲೇ ಆದವು, ಕನ್ನಡದ ಅಕ್ಷರ ಅದರಲ್ಲೇ ಇದೆ, ಒತ್ತಕ್ಷರ ಸರಿಯಾಗಿ ಮೂಡುತ್ತದೆ, ಟೈಪಿಸಲು ಎಫ್-ಡ್ರಾಯ್ಡ್ ಎಂಬ ಮುಕ್ತ ಆಪ್ ಅಂಗಡಿಯ ಇಂಡಿಕ್ ಕೀಬೋರ್ಡ್ ಸಾಕು. ಕಳೆದುಕೊಳ್ಳುವುದು ಮಾತಾಡಿದ್ದನ್ನು ಕನ್ನಡದಲ್ಲಿ ಬರೆದುಕೊಡುವ ಸೌಲಭ್ಯವನ್ನು. ಗೂಗಲ್ ಇಲ್ಲದೆ ಅದಕ್ಕೆ ಸಮನಾದದ್ದು ಸಿಗುವುದು ಕಷ್ಟ, ಮನೆಯ ಹಿರಿಯರು ಅದನ್ನೇ ನೆಚ್ಚಿಕೊಂಡಿದ್ದರೆ ಅವರ ಫೋನನ್ನು ಹಾಗೇ ಬಿಡಿ. ದಾರಿಗೆ ಆರ್ಗ್ಯಾನಿಕ್ ಮ್ಯಾಪ್ಸ್ ಹಾಕಿ ಕರ್ನಾಟಕದ ನಕ್ಷೆ ಇಳಿಸಿಕೊಳ್ಳಿ. ಊರಿನ ರಸ್ತೆ ಸಿಗುತ್ತದೆ, ಅಂಗಡಿ ಹೋಟೆಲುಗಳ ಹೆಸರು ಎಲ್ಲ ಕಡೆ ಸಿಗುವುದಿಲ್ಲ.

ಹಾಗಾಗಿ ನನ್ನ ಮಾತು: ಪಿಕ್ಸೆಲ್ 8ಎ ಸೆಕೆಂಡ್‌ಹ್ಯಾಂಡ್ ನೋಡಿ. 2024ರಲ್ಲಿ ಬಂದ ಫೋನು, ಏಳು ವರ್ಷ ಅಪ್‌ಡೇಟ್ ಇದೆ. 6ಎ ಅಗ್ಗ, ಆದರೆ ಅದರದ್ದು 2027ಕ್ಕೆ ಮುಗಿಯುತ್ತದೆ. ದುಡ್ಡು ಕೊಡುವ ಮುಂಚೆ ಅಂಗಡಿಯಲ್ಲೇ ನಿಮ್ಮ ಹಾಟ್‌ಸ್ಪಾಟಿಗೆ ಸೇರಿಸಿ, 'ಅಬೌಟ್ ಫೋನ್'ನಲ್ಲಿ ಬಿಲ್ಡ್ ನಂಬರನ್ನು ಏಳು ಸಲ ಒತ್ತಿ, ಡೆವಲಪರ್ ಆಯ್ಕೆಗಳಲ್ಲಿ ಓಇಎಂ ಅನ್‌ಲಾಕಿಂಗ್ ಆನ್ ಆಗುತ್ತದೆಯೇ ನೋಡಿ. ಇಂಟರ್ನೆಟ್ ಇದ್ದೂ ಆ ಸಾಲು ಮಸುಕಾಗಿ ಒತ್ತಲು ಬಾರದಿದ್ದರೆ ಅದು ಬಹುಶಃ ಅಮೆರಿಕದ ಟೆಲಿಕಾಂ ಕಂಪನಿಯೊಂದು ಬೀಗ ಹಾಕಿ ಮಾರಿದ ಫೋನು. ಮಾರುವವರು ಎಷ್ಟೇ ಇಳಿಸಿ ಕೊಟ್ಟರೂ ತಗೊಳ್ಳಬೇಡಿ.