ದಪ್ಪ ಪ್ಲೇಟ್ ಹಾಕಿ ವೆಲ್ಡ್ ಮಾಡಿದರೆ ಹೈಡ್ರೋಜನ್ ಟ್ಯಾಂಕ್ ಆಗುತ್ತದಾ?

ನೀವು ಕೇಳಿರುವುದು ಇಷ್ಟು. ತುಮಕೂರಿನ ಅಂತರಸನಹಳ್ಳಿಯಲ್ಲಿ ನಿಮ್ಮ ದೊಡ್ಡಪ್ಪನ ಫ್ಯಾಬ್ರಿಕೇಶನ್ ಶೆಡ್ ಇದೆ, ಕಂಪ್ರೆಸರ್‌ಗೆ ಏರ್ ಟ್ಯಾಂಕ್ ಮಾಡಿ ಅನುಭವ ಇದೆ, ಈಗ ಸೋಲಾರ್ ಕರೆಂಟಿನಲ್ಲಿ ಹೈಡ್ರೋಜನ್ ತಯಾರಿಸಿ 200 ಬಾರ್‌ನಲ್ಲಿ (ಅಂದರೆ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು) ತುಂಬಿಡಬೇಕು, ಪ್ಲೇಟ್ ಎಷ್ಟು ದಪ್ಪ ಇದ್ದರೆ ಸಾಕು?

ದಯವಿಟ್ಟು ಮಾಡಬೇಡಿ. ನಾನು ವಸಂತನರಸಾಪುರದ ಕಡೆ ಸಿಲಿಂಡರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ, ಸುಮ್ನೆ ಹೆದರಿಸೋಕೆ ಹೇಳುತ್ತಿಲ್ಲ.

ಮೊದಲು ದಪ್ಪದ ಲೆಕ್ಕವನ್ನೇ ನೋಡೋಣ. ಒಳವ್ಯಾಸ 23 ಸೆಂ.ಮೀ., ಒತ್ತಡ 200 ಬಾರ್ ಅಂದುಕೊಳ್ಳಿ. ಬಾಯ್ಲರ್‌ಗೆ ಬಳಸುವ 516 ಗ್ರೇಡ್ 70 ಪ್ಲೇಟಿಗೆ ಪ್ರೆಶರ್ ಟ್ಯಾಂಕುಗಳ ಡಿಸೈನ್ ಕೋಡ್ (ನಿಯಮಾವಳಿ) ಒಪ್ಪುವ ಸ್ಟ್ರೆಸ್, ಅಂದರೆ ಸ್ಟೀಲ್ ಮೇಲೆ ಬೀಳಬಹುದಾದ ಎಳೆತ, 138 ಮೆಗಾಪಾಸ್ಕಲ್ (1 ಮೆಗಾಪಾಸ್ಕಲ್ ಅಂದರೆ 10 ಬಾರ್). ವೆಲ್ಡನ್ನು ಪೂರ್ತಿ ಎಕ್ಸ್‌ರೇ ತೆಗೆಸಿದ್ದರೆ ಸುಮಾರು 18 ಮಿ.ಮೀ. ಬೇಕು. ಎಕ್ಸ್‌ರೇ ಇಲ್ಲದಿದ್ದರೆ ಜಾಯಿಂಟ್ ಎಫಿಶಿಯೆನ್ಸಿ (ಪ್ಲೇಟಿನ ಬಲದಲ್ಲಿ ವೆಲ್ಡಿನದ್ದು ಎಷ್ಟು ಅಂತ ನಂಬಬಹುದಾದ ಪಾಲು) 1ರಿಂದ 0.7ಕ್ಕೆ ಇಳಿಯುತ್ತದೆ, ಅದೇ ಟ್ಯಾಂಕಿಗೆ 27 ಮಿ.ಮೀ. ಬೇಕಾಗುತ್ತದೆ. ಅಂದರೆ ವೆಲ್ಡ್ ಒಳಗೆ ಏನಿದೆ ಅಂತ ಕಣ್ಣಿಗೆ ಕಾಣದೇ ಇರುವುದಕ್ಕೇ 9 ಮಿ.ಮೀ. ಸ್ಟೀಲ್ ಜಾಸ್ತಿ. ಅಷ್ಟು ದಪ್ಪವನ್ನು ಉದ್ದಕ್ಕೂ ವೆಲ್ಡ್ ಮಾಡಬೇಕು. ಸಿಲಿಂಡರಿನ ಸುತ್ತಳತೆಯ ಕಡೆ ಬೀಳುವ ಎಳೆತ ಉದ್ದದ ಕಡೆಗಿಂತ ಎರಡು ಪಟ್ಟು. ಆ ಎಳೆತ ಪೂರ್ತಿ ಬೀಳುವುದು ಇದೇ ಉದ್ದ ಜೋಡಣೆಯ ಮೇಲೆ. ಅದಕ್ಕೇ ಕಾರ್ಖಾನೆಯಲ್ಲಿ ಬರುವ ಸ್ಟೀಲ್ ಹೈಡ್ರೋಜನ್ ಸಿಲಿಂಡರುಗಳಲ್ಲಿ ಜೋಡಣೆಯೇ ಇರುವುದಿಲ್ಲ.

ಇನ್ನು ಹೈಡ್ರೋಜನ್ ವಿಷಯ. ಇದರ ಪರಮಾಣು ತುಂಬಾ ಚಿಕ್ಕದು, ಸ್ಟೀಲ್ ಒಳಗೇ ನುಗ್ಗುತ್ತದೆ, ಅಲ್ಲಿ ಮೊದಲೇ ಒಂದು ಸಣ್ಣ ಬಿರುಕಿದ್ದರೆ ಅದು ಬೇಗ ಬೆಳೆಯುವ ಹಾಗೆ ಮಾಡುತ್ತದೆ. ಸ್ಟೀಲ್ ಗಟ್ಟಿಯಾದಷ್ಟೂ ಅಪಾಯ ಜಾಸ್ತಿ. ಸಾಮಾನ್ಯವಾಗಿ ನಾವು ಅಂದುಕೊಳ್ಳುವುದಕ್ಕೆ ಉಲ್ಟಾ, ಅಲ್ವಾ? ಹೈಡ್ರೋಜನ್ ಸಿಲಿಂಡರಿನ ಸ್ಟೀಲ್ 950 ಮೆಗಾಪಾಸ್ಕಲ್ ಟೆನ್ಸೈಲ್ (ಎಳೆದಾಗ ತುಂಡಾಗುವ ಮುಂಚೆ ತಡೆಯುವ ಬಲ) ದಾಟಬಾರದು ಅನ್ನುವ ಮಿತಿ ಬಂದಿರುವುದು ಇದೇ ಕಾರಣಕ್ಕೆ. ವೆಲ್ಡ್ ಪಕ್ಕದಲ್ಲಿ ಬಿಸಿಯಾಗಿ ಬೇಗ ತಣ್ಣಗಾದ ಪಟ್ಟಿ ಇರುತ್ತದಲ್ಲ, ಅದು ಗಟ್ಟಿಯಾಗಿರುತ್ತದೆ, ಹೈಡ್ರೋಜನ್‌ಗೆ ಬೇಕಾಗಿರುವುದೂ ಅದೇ ಜಾಗ. ಮೊದಲ ದಿನ ಏನೂ ಆಗುವುದಿಲ್ಲ. ತುಂಬಿ ಖಾಲಿ ಮಾಡಿ, ತುಂಬಿ ಖಾಲಿ ಮಾಡಿ, ಒಂದು ದಿನ ಯಾವ ಮುನ್ಸೂಚನೆಯೂ ಇಲ್ಲದೆ ಹೋಗುತ್ತದೆ.

ಹಾಗಾಗಿ ನಾವು ಟೆಸ್ಟ್ ಮಾಡುವಾಗ ಎಷ್ಟು ತಡೆಯುತ್ತದೆ ಅನ್ನುವುದರ ಜೊತೆಗೆ, ಹೋದರೆ ಹೇಗೆ ಹೋಗುತ್ತದೆ ಅಂತಲೂ ನೋಡುತ್ತೇವೆ. ಹೊಸ ಡಿಸೈನಿನ ಸ್ಯಾಂಪಲ್ ಸಿಲಿಂಡರುಗಳಿಗೆ ಟೆಸ್ಟ್ ಒತ್ತಡದವರೆಗೆ 12,000 ಸಲ ಏರಿಸಿ ಇಳಿಸುತ್ತಾರೆ. ಬೇರೆ ಕೆಲವನ್ನು ನೀರು ತುಂಬಿ ಒಡೆಯುವವರೆಗೂ ಪಂಪ್ ಮಾಡುತ್ತಾರೆ. ಒಳ್ಳೆಯ ಸಿಲಿಂಡರ್ ಮೊದಲು ಹೊಟ್ಟೆ ಉಬ್ಬಿ, ಆಮೇಲೆ ಉದ್ದಕ್ಕೆ ಒಂದೇ ಸೀಳು ಬಿಡುತ್ತದೆ. ಸೀಳಿನ ಅಂಚು ಎಳೆದು ತೆಳ್ಳಗಾಗಿ ಓರೆಯಾಗಿರುತ್ತದೆ. ಚೂರು ಹಾರಬಾರದು. ಹಾರಿದರೆ ಎಷ್ಟೇ ಒತ್ತಡ ತಡೆದಿದ್ದರೂ ಆ ಡಿಸೈನ್ ಫೇಲ್.

ಬಳಕೆಯಲ್ಲಿರುವ ಸಿಲಿಂಡರುಗಳಿಗೆ ವಾಟರ್ ಜಾಕೆಟ್ ಟೆಸ್ಟ್ ಇದೆ. ಸಿಲಿಂಡರಿಗೆ ನೀರು ತುಂಬಿ, ಅದನ್ನು ನೀರು ತುಂಬಿದ ಇನ್ನೊಂದು ದೊಡ್ಡ ಪಾತ್ರೆಯೊಳಗೆ ಇಳಿಸಿ, ಒತ್ತಡವನ್ನು ಬಳಕೆಯ ಒತ್ತಡದ ಒಂದೂವರೆ ಪಟ್ಟಿಗೆ, ಅಂದರೆ 200 ಬಾರ್ ಸಿಲಿಂಡರಿಗೆ 300 ಬಾರ್ ತನಕ, ಏರಿಸುತ್ತೇವೆ. ಸಿಲಿಂಡರ್ ಹಿಗ್ಗಿದಷ್ಟು ಹೊರಗಿನ ನೀರು ಗಾಜಿನ ಕೊಳವೆಯಲ್ಲಿ ಮೇಲೇರುತ್ತದೆ. ಒತ್ತಡ ಬಿಟ್ಟಾಗ ನೀರು ವಾಪಸ್ ಮೊದಲಿನ ಗೆರೆಗೆ ಬರಬೇಕು. ಹಿಗ್ಗಿದ್ದರಲ್ಲಿ ನೂರಕ್ಕೆ 10ಕ್ಕಿಂತ ಜಾಸ್ತಿ ಹಾಗೇ ಉಳಿದರೆ ಸಿಲಿಂಡರ್ ರಿಜೆಕ್ಟ್, ಹೊರಗಿನಿಂದ ಎಷ್ಟೇ ಚೆನ್ನಾಗಿ ಕಂಡರೂ ಸರಿ.

ಗಾಳಿ ತುಂಬಿ ಟೆಸ್ಟ್ ಮಾಡುತ್ತೇವೆ ಅಂತ ಬರೆದಿದ್ದೀರಿ. ಅದನ್ನು ಓದಿಯೇ ನಾನು ಉತ್ತರ ಬರೆಯೋಕೆ ಕೂತಿದ್ದು. 50 ಲೀಟರ್ ಟ್ಯಾಂಕಿನಲ್ಲಿ 300 ಬಾರ್‌ನಲ್ಲಿರುವ ಗಾಳಿಯಲ್ಲಿ ಅಡಗಿರುವ ಶಕ್ತಿ, ಅದೇ ಒತ್ತಡದ ನೀರಿನಲ್ಲಿರುವುದಕ್ಕಿಂತ ನೂರಾರು ಪಟ್ಟು ಜಾಸ್ತಿ. ನೀರಿದ್ದರೆ ಟ್ಯಾಂಕ್ ಸೀಳಿ ನೀರು ಚಿಮ್ಮುತ್ತದೆ. ಗಾಳಿಯಾದರೆ ಶೆಡ್ಡೇ ಉಳಿಯುವುದಿಲ್ಲ, ಒಳಗಿರುವ ಜನರೂ ಉಳಿಯುವುದಿಲ್ಲ.

ಕಾನೂನಿನ ಮಾತೂ ಇದೆ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳ ಪ್ರಕಾರ ನಾಗಪುರದ ಪೆಸೊ (ಸ್ಫೋಟಕ, ಗ್ಯಾಸ್ ಸಿಲಿಂಡರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) ಒಪ್ಪಿಗೆ ಇಲ್ಲದೆ ಇಂಥ ಸಿಲಿಂಡರ್ ತಯಾರಿಸುವ ಹಾಗಿಲ್ಲ, ಗ್ಯಾಸ್ ತುಂಬಲೂ ಲೈಸೆನ್ಸ್ ಬೇಕು.

ಹಾಗಂತ ಪ್ರಾಜೆಕ್ಟ್ ಬಿಡಿ ಅನ್ನುತ್ತಿಲ್ಲ. ಲೆಕ್ಕ ಹಾಕಿ, 200 ಬಾರ್‌ನಲ್ಲಿ 50 ಲೀಟರ್ ಸಿಲಿಂಡರಿಗೆ ಹಿಡಿಯುವುದು ಮುಕ್ಕಾಲು ಕೆಜಿ ಆಸುಪಾಸು ಹೈಡ್ರೋಜನ್ ಅಷ್ಟೇ. ಅದಕ್ಕೋಸ್ಕರ ಜೀವ ಪಣಕ್ಕಿಡಬೇಕಾ? ಸ್ಟೋರೇಜಿಗೆ ಪೆಸೊ ಒಪ್ಪಿಗೆ ಇರುವ ಸಿಲಿಂಡರನ್ನೇ ತನ್ನಿ, ತುಂಬಿಸುವುದನ್ನು ಲೈಸೆನ್ಸ್ ಇರುವವರಿಗೇ ಬಿಡಿ. ದೊಡ್ಡಪ್ಪನ ಕೈಕೆಲಸಕ್ಕೆ ಸ್ಟ್ಯಾಂಡ್, ಕೇಜ್, ಶೆಡ್ ಅಂತ ಬೇಕಾದಷ್ಟಿದೆ. ಶೆಡ್ ಮಾಡುವಾಗ ಶೀಟಿನ ತುತ್ತತುದಿಯಲ್ಲೇ ಗಾಳಿ ಹೋಗುವ ಕಿಂಡಿ ಬಿಡಿಸಿ, ಸೋರಿದ ಹೈಡ್ರೋಜನ್ ಮೇಲಕ್ಕೇ ಹೋಗಿ ಸೇರಿಕೊಳ್ಳುತ್ತದೆ. ಅದಕ್ಕೆ ವಾಸನೆ ಇಲ್ಲ, ಹೊತ್ತಿಕೊಂಡರೆ ಹಗಲಲ್ಲಿ ಜ್ವಾಲೆಯೂ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಡಿಟೆಕ್ಟರನ್ನೂ ಅಲ್ಲೇ ಮೇಲೆ ಹಾಕಿಸಿ. ಎಲೆಕ್ಟ್ರೊಲೈಸರ್ (ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಯಂತ್ರ) ಯಾವುದು, ಎಷ್ಟು ಬಾರ್‌ಗೆ ಗ್ಯಾಸ್ ಕೊಡುತ್ತದೆ ಅಂತ ಬರೆಯಿರಿ, ಮುಂದಿನದನ್ನು ನೋಡೋಣ.