ಒಂದೇ ಕೈಗೆ ಇಬ್ಬರು ಥೆರಪಿಸ್ಟರು ಏಕೆ?

ಪ್ರಶ್ನೆ: ನನ್ನ ಅತ್ತೆಗೆ 66 ವರ್ಷ, ಊರು ಕುಂದಾಪುರ. ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸೋತಿವೆ. ಮಾತು ಬಹಳ ಕಡಿಮೆಯಾಗಿದೆ, ಮರಾಠಿ ಮರೆತೇಹೋದಂತಿದೆ. ಮನೆಯ ಹತ್ತಿರದ ಕ್ಲಿನಿಕ್‌ನಲ್ಲಿ ಫಿಸಿಯೋಥೆರಪಿಸ್ಟ್, ಆಕ್ಯುಪೇಷನಲ್ ಥೆರಪಿಸ್ಟ್, ಸ್ಪೀಚ್ ಥೆರಪಿಸ್ಟ್ ಮೂವರೂ ನೋಡುತ್ತಿದ್ದಾರೆ. ಮೊದಲ ಇಬ್ಬರು ಅದೇ ಕೈಗೆ ವ್ಯಾಯಾಮ ಮಾಡಿಸುತ್ತಾರೆ. ಸ್ಪೀಚ್ ಥೆರಪಿಸ್ಟ್ ಮಾತು ಕಲಿಸುವುದು ಬಿಟ್ಟು ಊಟ ಮಾಡಿಸಿ ನೋಡುತ್ತಾರೆ. ಈಗ ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿಗೂ ಹೋಗಿ ಎನ್ನುತ್ತಿದ್ದಾರೆ. ಎಲ್ಲರ ಫೀಸು ಭರಿಸುವುದು ಕಷ್ಟ. ಯಾರನ್ನು ಬಿಡಬಹುದು?
— ಓರ್ವ ಓದುಗರು, ಡೊಂಬಿವಲಿ

ಉತ್ತರ: ಸದ್ಯ ಯಾರನ್ನೂ ಪೂರ್ತಿಯಾಗಿ ಬಿಡಬೇಡಿ. ಲಕ್ವದ ನಂತರದ ಮೊದಲ ಕೆಲವು ತಿಂಗಳಲ್ಲಿ ಚೇತರಿಕೆ ಎಲ್ಲಕ್ಕಿಂತ ವೇಗವಾಗಿರುತ್ತದೆ, ಅದರಲ್ಲಿ ಎರಡು ತಿಂಗಳು ಆಗಲೇ ಕಳೆದಿವೆ. ಖರ್ಚು ಇಳಿಸುವ ದಾರಿಯನ್ನು ಮುಂದೆ ಹೇಳುತ್ತೇನೆ. ನಿಮ್ಮ ಪತ್ರ ಓದಿದಾಗ ನನಗೆ ಹೆಚ್ಚು ಆತಂಕವಾದದ್ದು ಊಟದ ವಿಷಯದಲ್ಲಿ, ಆದ್ದರಿಂದ ಸ್ಪೀಚ್ ಥೆರಪಿಸ್ಟರ ಕೆಲಸದಿಂದಲೇ ಆರಂಭಿಸುತ್ತೇನೆ.

ಮಾತನಾಡಲು ಬೇಕಾದ ತುಟಿ, ನಾಲಿಗೆ, ಗಂಟಲುಗಳೇ ನುಂಗುವುದಕ್ಕೂ ಬೇಕು. ಅವು ದುರ್ಬಲವಾದಾಗ ನೀರು, ಚಹಾದಂಥ ತೆಳುವಾದ ದ್ರವ ಅನ್ನನಾಳಕ್ಕೆ ಇಳಿಯುವ ಬದಲು ಶ್ವಾಸನಾಳಕ್ಕೆ ಜಾರಬಹುದು. ಕೆಲವರಿಗೆ ಕೂಡಲೇ ಕೆಮ್ಮು ಬರುತ್ತದೆ. ಕೆಲವರಿಗೆ ಅದೂ ಬರುವುದಿಲ್ಲ, ಕುಡಿದ ಮೇಲೆ ದನಿ ಗೊರಗೊರ ಎನ್ನುವುದು ಅಥವಾ ಆಗಾಗ ಜ್ವರ ಕಾಣಿಸಿಕೊಳ್ಳುವುದಷ್ಟೇ ಸೂಚನೆ. ಇದರಿಂದ ನ್ಯುಮೋನಿಯಾ ಆಗುತ್ತದೆ, ಅದು ಪ್ರಾಣಕ್ಕೇ ಕುತ್ತು ತರಬಹುದು. ನಮ್ಮ ಕರಾವಳಿಯ ಮನೆಗಳಲ್ಲಿ ಕಾಯಿಲೆಯವರಿಗೆ ಮೊದಲು ಬಡಿಸುವುದು ಗಂಜಿ. ಹಗುರವೆಂದು ನಾವು ನಂಬಿರುವ ಈ ಗಂಜಿ, ತಿಳಿ ಬೇರೆ ಅಗುಳು ಬೇರೆಯಾಗಿದ್ದಾಗ, ನುಂಗಲು ತೊಂದರೆ ಇರುವವರಿಗೆ ಬಹಳ ಕಷ್ಟದ ಆಹಾರ, ಏಕೆಂದರೆ ಅಗುಳನ್ನು ಅಗಿಯುತ್ತಿರುವಾಗಲೇ ತಿಳಿ ಗಂಟಲಿಗೆ ಹರಿದುಬಿಡುತ್ತದೆ. ಅದನ್ನೇ ನುಣ್ಣಗೆ ಅರೆದು ಒಂದೇ ಹದಕ್ಕೆ ತಂದರೆ ಎಷ್ಟೋ ಜನ ನಿರಾಯಾಸವಾಗಿ ನುಂಗುತ್ತಾರೆ. ನಿಮ್ಮ ಅತ್ತೆಯವರಿಗೆ ಯಾವ ಹದ ಸರಿ, ತಲೆಯನ್ನು ಹೇಗೆ ಹಿಡಿಯಬೇಕು, ಒಂದು ಸಲಕ್ಕೆ ಎಷ್ಟು ಕೊಡಬೇಕು ಎಂಬುದನ್ನು ತೀರ್ಮಾನಿಸಲೆಂದೇ ಸ್ಪೀಚ್ ಥೆರಪಿಸ್ಟರು ಊಟದ ಹೊತ್ತಿಗೆ ಕುಳಿತು ನೋಡುತ್ತಿದ್ದಾರೆ. ಮನೆಯಲ್ಲಿ ನೆಟ್ಟಗೆ ಕೂರಿಸಿಯೇ ಉಣಿಸಿ, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ, ಹಲ್ಲು ಮತ್ತು ಬಾಯಿಯನ್ನು ಚೊಕ್ಕಟವಾಗಿಡಿ.

ಇನ್ನು ಮಾತು. ಬಲಗೈ ಬಳಸುವ ಬಹುತೇಕರಲ್ಲಿ ಭಾಷೆಯ ಕೇಂದ್ರಗಳು ಮಿದುಳಿನ ಎಡಭಾಗದಲ್ಲಿರುತ್ತವೆ. ದೇಹದ ಬಲಭಾಗವನ್ನು ನಡೆಸುವುದೂ ಮಿದುಳಿನ ಅದೇ ಎಡಭಾಗ. ಆದ್ದರಿಂದ ಬಲಗೈ, ಬಲಗಾಲು ಸೋತವರಿಗೆ ಪದ ಹುಡುಕುವ, ಕೇಳಿದ್ದನ್ನು ಗ್ರಹಿಸುವ ಶಕ್ತಿಯೇ ಕುಂದುವ ಅಫೇಸಿಯಾ ಬರುವುದುಂಟು. ಇಂಥವರಲ್ಲಿ ಕೆಲವರು ಭಜನೆಯನ್ನು ಕೊನೆಯವರೆಗೂ ಹಾಡುತ್ತಾರೆ, ಒಂದರಿಂದ ಹತ್ತು ಎಣಿಸುತ್ತಾರೆ, ಆದರೆ ನೀರು ಬೇಕೆಂದು ಹೇಳಲಾರರು. ಮನೆಯವರು ಇದನ್ನು ಹಟವೆಂದು ತಿಳಿಯುತ್ತಾರೆ. ದಯವಿಟ್ಟು ಹಾಗೆ ತಿಳಿಯಬೇಡಿ: ಬಾಯಿಪಾಠವಾದದ್ದು ಹೊರಬರುವ ಬಗೆ ಬೇರೆ, ಹೊಸದಾಗಿ ವಾಕ್ಯ ಕಟ್ಟುವ ಬಗೆ ಬೇರೆ. ಹಲವು ಭಾಷೆ ಬಲ್ಲವರಲ್ಲಿ ಎಲ್ಲ ಭಾಷೆಗಳೂ ಒಂದೇ ಪ್ರಮಾಣದಲ್ಲಿ ಮರಳಬೇಕೆಂದಿಲ್ಲ. ಮುಂಬೈಯ ಕ್ಲಿನಿಕ್‌ಗಳಲ್ಲಿ ಹೆಚ್ಚಾಗಿ ಮರಾಠಿ ಇಲ್ಲವೇ ಹಿಂದಿಯಲ್ಲಿ ಚಿಕಿತ್ಸೆ ನಡೆಯುತ್ತದೆ. ನಿಮ್ಮ ಅತ್ತೆಯವರಿಗೆ ಅದು ಮನೆಯ ಕನ್ನಡದಲ್ಲೇ ನಡೆಯಬೇಕು, ಇದನ್ನು ನೀವು ಸಂಕೋಚವಿಲ್ಲದೆ ಕೇಳಿ. ಥೆರಪಿಸ್ಟರಿಗೆ ಕನ್ನಡ ಬಾರದಿದ್ದರೆ ದಿನವೂ ಬೇಕಾಗುವ ಪದಗಳನ್ನೂ ಮನೆಮಂದಿಯ ಹೆಸರುಗಳನ್ನೂ ಬರೆದುಕೊಂಡು ಪಕ್ಕದಲ್ಲಿ ಕುಳಿತುಕೊಳ್ಳಿ. ಕನ್ನಡಕ್ಕೆ ಅಳವಡಿಸಿದ ಅಫೇಸಿಯಾ ಪರೀಕ್ಷೆಯೂ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಬಗೆಯ ಕೆಲಸ ಬಹಳ ನಡೆದಿದೆ.

ಒಂದೇ ಕೈಗೆ ಇಬ್ಬರೇಕೆ ಎಂಬ ನಿಮ್ಮ ಸಂದೇಹ ಸಹಜವಾದದ್ದು. ಫಿಸಿಯೋಥೆರಪಿಸ್ಟ್ ಕೀಲು ಬಿಗಿಯದಂತೆ, ಸ್ನಾಯು ಸೆಟೆಯದಂತೆ, ಭುಜ ಜಾರದಂತೆ ನೋಡಿಕೊಳ್ಳುತ್ತಾರೆ. ಹಾಸಿಗೆಯಲ್ಲಿ ಹೊರಳುವುದು, ಕೂರುವುದು, ಏಳುವುದು, ನಡೆಯುವುದು ಅವರ ಹೊಣೆ. ಆಕ್ಯುಪೇಷನಲ್ ಥೆರಪಿಸ್ಟ್ ಆ ಕೈಯನ್ನು ಬದುಕಿನ ಕೆಲಸಕ್ಕೆ ಮರಳಿಸುತ್ತಾರೆ. ರವಿಕೆ ತೊಡುವುದನ್ನೇ ನೋಡಿ. ಸೋತ ಕೈಯನ್ನು ಮೊದಲು ತೋಳಿಗೆ ತೂರಿಸಬೇಕು, ಬಿಚ್ಚುವಾಗ ಅದನ್ನು ಕೊನೆಗೆ ಹೊರತೆಗೆಯಬೇಕು. ಹುಕ್ಕು ಹಾಕಲು ಬೆರಳಿನ ಹಿಡಿತ ಸಾಲದಿದ್ದರೆ ಅಲ್ಲಿ ವೆಲ್ಕ್ರೋ ಹೊಲಿಸಬೇಕು. ಕೆಲವೊಮ್ಮೆ ಕೈಯಲ್ಲಿ ಬಲವಿದ್ದರೂ ಯಾವುದು ಮೊದಲು, ಯಾವುದು ಆಮೇಲೆ ಎಂಬ ಕ್ರಮವೇ ತಪ್ಪಿಹೋಗಿರುತ್ತದೆ, ಅದನ್ನು ವ್ಯಾಯಾಮ ಸರಿಪಡಿಸದು. ಬಚ್ಚಲಲ್ಲಿ ಹಿಡಿಕೆ ಎಲ್ಲಿರಬೇಕು ಎಂದು ಹೇಳುವವರೂ ಇವರೇ. ಈ ವಿದ್ಯೆ ಮುಂಬೈಗೆ ಹೊಸದಲ್ಲ: ಭಾರತದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆಯನ್ನು ಕಮಲಾ ನಿಂಬ್ಕರ್ ಅವರು 1950ರಲ್ಲಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲೇ ಆರಂಭಿಸಿದರು. ಒಂದು ಎಚ್ಚರಿಕೆ: ಅತ್ತೆಯವರನ್ನು ಎಬ್ಬಿಸುವಾಗ ಯಾರೂ ಸೋತ ಕೈಯನ್ನು ಹಿಡಿದೆಳೆಯಬಾರದು.

ಕ್ಲಿನಿಕಲ್ ಸೈಕಾಲಜಿಸ್ಟ್ ಬಳಿಗೆ ಕಳುಹಿಸಿದರೆಂದರೆ ಬುದ್ಧಿ ಕೆಟ್ಟಿದೆ ಎಂದಲ್ಲ. ಲಕ್ವ ಹೊಡೆದವರಲ್ಲಿ ಸುಮಾರು ಮೂರರಲ್ಲೊಬ್ಬರಿಗೆ ಖಿನ್ನತೆ ಬರುತ್ತದೆ, ಖಿನ್ನರಾದವರು ವ್ಯಾಯಾಮಕ್ಕೇ ಏಳುವುದಿಲ್ಲ. ಸೈಕಾಲಜಿಸ್ಟರು ನೆನಪು, ಗಮನ, ಮನಸ್ಥಿತಿಗಳನ್ನು ಅಳೆದು ಸಲಹೆ ಕೊಡುತ್ತಾರೆ. ಮಾತ್ರೆ ಬೇಕೆನಿಸಿದರೆ ಮನೋವೈದ್ಯರ ಬಳಿಗೆ ಕಳುಹಿಸುತ್ತಾರೆ. ಇದಕ್ಕೆ ವಾರವಾರವೂ ಹೋಗಬೇಕಾಗದಿರಬಹುದು.

ಖರ್ಚು ಇಳಿಸಲು ಫಿಸಿಯೋ ಮತ್ತು ಆಕ್ಯುಪೇಷನಲ್ ಥೆರಪಿಯನ್ನು ದಿನ ಬಿಟ್ಟು ದಿನ ಇಟ್ಟುಕೊಳ್ಳಬಹುದೇ ಎಂದು ಕೇಳಿ, ಉಳಿದ ದಿನಗಳಿಗೆ ಮನೆಯಲ್ಲಿ ಮಾಡಿಸುವ ಕ್ರಮವನ್ನು ಬರೆಸಿಕೊಳ್ಳಿ. ಮುಂಬೈಯ ಹಾಜಿ ಅಲಿಯಲ್ಲಿ ಕೇಂದ್ರ ಸರ್ಕಾರದ ಅಖಿಲ ಭಾರತ ಫಿಸಿಕಲ್ ಮೆಡಿಸಿನ್ ಮತ್ತು ಪುನರ್ವಸತಿ ಸಂಸ್ಥೆ 1955ರಿಂದ ಇದೆ. ಪುನರ್ವಸತಿ ವೈದ್ಯರೂ ಈ ಎಲ್ಲ ಥೆರಪಿಸ್ಟರೂ ಅಲ್ಲಿ ಒಂದೇ ಸೂರಿನಡಿ ಸಿಗುತ್ತಾರೆ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ಅತ್ತೆಯವರನ್ನು ಮತ್ತೆಮತ್ತೆ ಕರೆದೊಯ್ಯುವುದು ಆಗದ ಮಾತು. ಒಮ್ಮೆ ಪೂರ್ಣ ತಪಾಸಣೆ ಮಾಡಿಸಿ, ಯಾವ ಥೆರಪಿ ವಾರಕ್ಕೆ ಎಷ್ಟು ಬೇಕೆಂಬುದನ್ನು ಅಲ್ಲಿನ ವೈದ್ಯರಿಂದ ಬರೆಸಿಕೊಂಡು ಬಂದರೆ ಮನೆ ಹತ್ತಿರದ ಕ್ಲಿನಿಕ್‌ನಲ್ಲೇ ಅದರಂತೆ ಮುಂದುವರಿಸಬಹುದು. ಹೋಗುವಾಗ ಮಿದುಳಿನ ಸ್ಕ್ಯಾನ್, ಆಸ್ಪತ್ರೆಯ ಡಿಸ್ಚಾರ್ಜ್ ಪತ್ರ, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಮತ್ತು ಮೂವರು ಥೆರಪಿಸ್ಟರ ಟಿಪ್ಪಣಿಗಳನ್ನು ಜೊತೆಗೆ ಒಯ್ಯಿರಿ.